ಸೈಲೆನ್ಸರಿಗೆ ಪಟ್ಟಿ

ಮೊದಲು ಬಕೆಟ್ಟಿನಲ್ಲಿ ನೆನೆಹಾಕು ಪಟ್ಟಿಯನ್ನು,
ಚಹಾ ಆರುವಷ್ಟು ಹೊತ್ತು, ಸಾಕು.
ಕಲಾಮಾ ಮರಳುಗಾಡಿನ ಊರು, ನೀರಿಗೆ ಲೆಕ್ಕ ಉಂಟು.
ಉಳಿದದ್ದನ್ನು ಗಿಡಕ್ಕೂ ಹಾಕುವಂತಿಲ್ಲ, ಗಾಜಿನೆಳೆ ತೇಲುತ್ತಿರುತ್ತದೆ;
ಅಂಗಳಕ್ಕೆ ಚೆಲ್ಲುವಾಗ ಎದುವಿನಾ ಚಿಕ್ಕಮ್ಮ
ಮುಖ ಆಚೆ ತಿರುಗಿಸುತ್ತಾಳೆ.

ಕೈಗವಸು ಹಾಕ್ಕೋ, ಅಂದಳು ಮೊದಲ ದಿನ.
ಹಾಕಲಿಲ್ಲ ನಾನು. ಮೂರು ರಾತ್ರಿ ತುರಿಸಿಕೊಂಡೆ.
ಅಲ್ಲಿಗೆ ಆ ಪಾಠ ಮುಗಿಯಿತು.

ಇಂಜಿನ್ನಿನ ಬಾಯಿಂದ ಶುರು. ಪ್ರತಿ ಸುತ್ತೂ
ಹಿಂದಿನ ಸುತ್ತಿನ ಮೇಲೆ ಕಾಲುಭಾಗ ಕೂರಬೇಕು,
ಹೆಂಚು ಹೊದಿಸಿದ ಹಾಗೆ.
ಬಿಗಿ. ಇನ್ನೂ ಬಿಗಿ. ಕೊಳವೆ ಬಾಗುವಲ್ಲಿ ನೀನೂ ಬಾಗಿ ಬಿಗಿ.
ಕೊನೆಗೆ ಉಕ್ಕಿನ ಕಟ್ಟು; ಕಟ್ಟಿನ ಬಾಲ ಒಳಗೆ ಮಡಚು,
ಇಲ್ಲವಾದರೆ ಯಾರದೋ ಕಾಲಿಗೆ ಬೆಕ್ಕಿನ ಉಗುರು.
"ಬಿಸಿ ಹೊರಗೆ ಸೋರದಿದ್ದರೆ ಹೊಗೆ ಬೇಗ ಓಡುತ್ತದೆ," ಅನ್ನುತ್ತಾಳೆ,
"ಸಿಟ್ಟು ಒಳಗಿಟ್ಟುಕೊಂಡವನ ನಡಿಗೆ ನೋಡಿಲ್ಲವಾ, ಹಾಗೆ."

ನೊಲ್ಬೆರ್ತೊ ಬಂದದ್ದು ತೊಕೊಪೀಯಾದಿಂದ,
ಕಡಲು ಬಿಟ್ಟು ಮೇಲೆ ಹತ್ತಿ. ಹಳೇ ಬೈಕು, ಹಿಂದೆ ಮೀನಿನ ಡಬ್ಬ,
ಡಬ್ಬಕ್ಕೂ ಅವನಿಗೂ ನಡುವೆ ಮಗಳು.
ಹುಡುಗಿಯ ಮೀನಖಂಡದ ಮೇಲೆ
ಬಾದಾಮಿಯಾಕಾರದ ಸುಟ್ಟ ಗಾಯ, ಇನ್ನೂ ಹಸಿ, ಹೊಳೆಯುತ್ತಿತ್ತು.
"ಎಷ್ಟಾದರೂ ಆಗಲಿ, ಸುತ್ತಿಬಿಡಿ,"
ಅಷ್ಟೇ ಅಂದ. ಮಗಳ ಕಡೆ ನೋಡಲಿಲ್ಲ.
ಹೆಸರು ಕೇಳಿದೆ. ಯಸ್ನಾ, ಅಂದಳು,
ನೊಣ ಓಡಿಸುತ್ತಾ.

ಸಂಜೆ ಗಾಡಿ ಚಾಲೂ ಮಾಡಿದರೆ ಪಟ್ಟಿಯಿಂದಲೇ ಹೊಗೆ.
ಅವನು ಹಾರಿ ಹಿಂದೆ ಸರಿದ, ಮಗಳು ನಕ್ಕಳು.
"ಮೊದಲ ಸಲ ಹೀಗೆಯೇ. ಹೊಸ ಬಟ್ಟೆ ನಾರುತ್ತದೆ.
ಆದರೆ ಒಂದು ಮಾತು, ಇಲ್ಲಿ ಒಣಗಾಳಿ;
ನಿಮ್ಮಲ್ಲಿ ಕಮಂಚಾಕ, ಉಪ್ಪು ಮಂಜು.
ಪಟ್ಟಿ ಅದನ್ನು ಕುಡಿದು ಒಳಗೇ ಇಟ್ಟುಕೊಳ್ಳುತ್ತದೆ.
ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು."
ಹೂಂ ಅಂದ. ನೋಟು ಎಣಿಸುವಾಗ ಅನ್ನುವ ಹೂಂ.

ನಾಲ್ಕು ವರ್ಷ.
ಅದೇ ಬೈಕು. ಡಬ್ಬ ಇಲ್ಲ. ಅಪ್ಪ ಇಲ್ಲ.
ಎಲ್ಲಿ ಅಂತ ಚಿಕ್ಕಮ್ಮ ಕೇಳಲಿಲ್ಲ:
ಯಸ್ನಾ ಅವನ ಜಾಕೀಟು ತೊಟ್ಟಿದ್ದಳು, ತೋಳು ಎರಡು ಸಲ ಮಡಚಿ.

ಕಟ್ಟು ಕತ್ತರಿಸಿದೆ. ಪಟ್ಟಿ ಸುಲಿದೆ.
ಒಳಗೆ ಕೊಳವೆ ಇರಲಿಲ್ಲ ಅಂತಲೇ ಅನ್ನಬೇಕು.
ಕೆಂಪು ಪದರ, ತಂಗಳು ರೊಟ್ಟಿಯ ಹಾಗೆ, ಬೆರಳಿಗೆ ಪುಡಿ.
ಇಷ್ಟು ದಿನ ಪಟ್ಟಿಯೇ
ಕೊಳವೆಯ ಆಕಾರ ಹಿಡಿದು ನಿಂತಿತ್ತು.
ಚಿಕ್ಕಮ್ಮ ಒಂದು ಚೂರು ನಾಲಗೆಗೆ ಮುಟ್ಟಿಸಿ ಉಗುಳಿದಳು.
ಉಪ್ಪು, ಅಂದಳು.

"ಅಪ್ಪ ಬಿಚ್ಚಲೇ ಇಲ್ಲ," ಯಸ್ನಾ.
"ಪ್ರತಿ ಚಳಿಗಾಲ ಸ್ಪ್ಯಾನರು ಹಿಡಿದು ಬೈಕಿನ ಮುಂದೆ ಕೂರುತ್ತಿದ್ದ,
ಬಿಚ್ಚಬೇಕು ಅನ್ನುತ್ತಿದ್ದ, ನನ್ನ ಕಾಲು ನೋಡುತ್ತಿದ್ದ,
ಎದ್ದು ಹೋಗುತ್ತಿದ್ದ."

ಹೊಸ ಕೊಳವೆ ಕೂರಿಸಿದೆವು. ಪಟ್ಟಿಯ ಸುರುಳಿಗೆ ಕೈ ಹಾಕಿದೆ.
ಬೇಡ, ಅಂದಳು ಅವಳು, ಚಿಕ್ಕಮ್ಮನಿಗಿಂತ ಮೊದಲು.
ಗಣಿಯ ಗುಜರಿ ಟ್ರಕ್ಕಿನ ಬಾಗಿಲಿಂದ ತಗಡು ಕತ್ತರಿಸಿ, ತೂತು ಕೊರೆದು,
ಕೊಳವೆಗೊಂದು ಮರೆ ಕಟ್ಟಿದೆವು, ಮೈಗೆ ತಾಗದ ಹಾಗೆ,
ನಡುವೆ ಗಾಳಿ ಓಡಾಡಲು ಸಂದು ಬಿಟ್ಟು.
ಅಳತೆಗೆ ಯಸ್ನಾ ತನ್ನ ಬೆರಳನ್ನೇ ತೂರಿಸಿದಳು. "ಇಷ್ಟು?"
"ಕಿರುಬೆರಳು ಸಾಲದು," ಚಿಕ್ಕಮ್ಮ, "ಹೆಬ್ಬೆರಳು ಹಾಕು."

ಸುಲಿದ ಪಟ್ಟಿಯನ್ನು ಅವಳು
ಹಳೇ ಪೇಪರಿನಲ್ಲಿ ಸುತ್ತಿ ಜಾಕೀಟಿನೊಳಗೆ ಇಟ್ಟುಕೊಂಡಳು.
ತುರಿಸುತ್ತದೆ, ಅಂದೆ.
ಗೊತ್ತು, ಅಂದಳು.